ಅನುಸೂಯಾಬಾಯಿಯ ಸಹಿ

ಅನುಸೂಯಾಬಾಯಿ ಸಾಯಗಾಂವದ ಹೆಣ್ಣುಮಗಳು. ಭಾಲ್ಕಿಯ ಒಂದು ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿ ನಿವೃತ್ತಳಾದ ಮೇಲೂ ಸುಮ್ಮನೆ ಕೂರಲಿಲ್ಲ. ಬೀದರದ ಮದುವೆ ಮಂಟಪಗಳಲ್ಲಿ ಉಳಿದ ಊಟವನ್ನು ಇಟ್ಟಂಗಿ ಭಟ್ಟಿಯ ಕೂಲಿಗಳಿಗೆ ಹಂಚುತ್ತಿದ್ದಳು. ನಾನು ರೂಬೆನ, ಆಕೆಯ ವ್ಯಾನಿನ ಡ್ರೈವರ್. ಆ ವ್ಯಾನಿನಲ್ಲಿ ನಾನು ಊಟಕ್ಕಿಂತ ಆಕೆಯ ಬೈಗುಳವನ್ನೇ ಹೆಚ್ಚು ತಿಂದವನು.

ಆಕೆಯದು ಒಂದೇ ಪದ್ಧತಿ. ಮೊದಲು ಮುಚ್ಚಳ ತೆಗೆಯಬೇಕು. ಅನ್ನವನ್ನು ಬಟ್ಟೆಯ ಮೇಲೆ ಹರವಿ, ಬೇಳೆಯನ್ನು ಅಗಲ ಪಾತ್ರೆಗಳಿಗೆ ಸುರಿದು ಆರಿಸಬೇಕು. ಆಮೇಲೆ ತಾನೇ ಒಂದು ತುತ್ತು ತಿಂದು ನೋಡುವಳು. ಬೆಳಿಗ್ಗೆ ಬೇಯಿಸಿ ಬಿಸಿಯಲ್ಲೇ ಬಿಗಿದಿಟ್ಟ ಬೇಳೆ ಮೇ ತಿಂಗಳಲ್ಲಿ ಮಧ್ಯಾಹ್ನಕ್ಕೇ ಹಳಸುತ್ತದೆ. ಮಂಟಪದವರಿಗೆ ಇದನ್ನು ಹೇಳುವುದು ಕಲ್ಲಿನ ಮೇಲೆ ನೀರು ಸುರಿದಂತೆ. "ಬಡವರಿಗಿ ತಣ್ಣನ ಊಟ ಕೊಡಬಾರದ್ರಿ, ಪಾಪ ಬರ್ತದ" ಎಂದು ಡೇಗಚಿ ಎಂಬ ದೊಡ್ಡ ಪಾತ್ರೆಯ ಬಾಯಿಗೆ, ಬಿಸಿ ಆರದಂತೆ, ಕಣಕ ಮೆತ್ತಿ ಕೊಡುವ ಮರ್ಯಾದಸ್ಥರು ಅವರು!

ಕಳೆದ ವರ್ಷ ಹೊಸ ನಿಯಮ ಬಂತು. ಊಟ ಚೆಲ್ಲಿದ ಮಂಟಪಕ್ಕೆ ದಂಡ. "ತಿನ್ನಲು ಯೋಗ್ಯ, ಪಡೆದಿದ್ದೇನೆ" ಎಂಬ ಚೀಟಿಗೆ ಊಟ ಹಂಚುವವರ, ಅಂದರೆ ಅನುಸೂಯಾಬಾಯಿಯ, ಸಹಿ ಬಿದ್ದರೆ ದಂಡವಿಲ್ಲ. ಕಾಗದದಲ್ಲಿ ಓದಲು ಚೆಂದವೇ. ಆದರೆ ಅಂದಿನಿಂದ ಅವರಿಗೆ ಬೇಕಾದದ್ದು ಹಸಿದವರಲ್ಲ, ಚೀಟಿ. ಹಳಸಿದ್ದು, ಬುರುಗು ಬಂದದ್ದು ಎಲ್ಲವನ್ನೂ ನಮ್ಮ ವ್ಯಾನಿಗೆ ತಳ್ಳತೊಡಗಿದರು. ಬೇಡವೆಂದರೆ ಜಗಳ. ಇದು ಒಳ್ಳೆಯದಕ್ಕಲ್ಲ ಎಂದು ನನಗೆ ಅಂದೇ ಅನ್ನಿಸಿತ್ತು.

ಈ ಚೀಟಿ ಯೋಜನೆಯ ಸರ್ಕಾರಿ ಅಧಿಕಾರಿ ಸುಶೀಲಕುಮಾರರ ಮುಂದೆ ಆಕೆ ನೇರವಾಗಿ ಹೇಳಿದಳು.

"ಎಷ್ಟು ಉಳೀತು ಅಂತ ಯಾಕ ಕೇಳ್ತೀರಿ ಸಾಹೇಬ್ರ? ಒಲಿ ಹಚ್ಚೋಕಿಂತ ಮೊದಲ ಎಷ್ಟು ಮಾಡ್ತೀರಿ ಅಂತ ಕೇಳ್ರಿ. ನಾ ಬ್ಯಾಡಂದ ಊಟಕ್ಕೂ ದಂಡ ಇಲ್ಲದ ಒಂದು ಚೀಟಿ ಕೊಡ್ರಿ, ಅದು ಗೊಬ್ಬರಕ್ಕ ಹೋಗಲಿ. ಇಲ್ಲಾಂದ್ರ ಒಂದಿನ ಯಾರರ ಸಾಯ್ತಾರ."

"ವಿಚಾರ ಛಲೋ ಅದರಿ ಬಾಯಿ, ಮ್ಯಾಲ ಕಳಸ್ತೇನಿ" ಎಂದರು ಅವರು. ಕಾಗದ ಮೇಲೆ ಹೋಯಿತು, ಮೇಲೇ ಉಳಿಯಿತು.

ಈ ಮೇ ತಿಂಗಳಲ್ಲಿ ಬಾಯಿ ತಂಗಿಯನ್ನು ನೋಡಲು ಸಾಯಗಾಂವಕ್ಕೆ ಹೋದ ದಿನ, ಒಂದು ಮಂಟಪದ ಮ್ಯಾನೇಜರ್ ಓಂಪ್ರಕಾಶ ಕಣಕ ಮೆತ್ತಿದ ನಾಲ್ಕು ಡೇಗಚಿಗಳನ್ನು ವ್ಯಾನಿಗೆ ಏರಿಸಿ ಚೀಟಿ ಚಾಚಿದ.

"ಬಾಯಿ ಇಲ್ಲರಿ" ಅಂದೆ.

"ಆಕಿ ಹೆಸರು ನೀನೇ ಬರದು ಕೊಡೋ. ಯಾರ್ ನೋಡ್ತಾರ?"

ನನಗೆ ಇನ್ನೂ ಎರಡು ಮಂಟಪಗಳಿಗೆ ಹೋಗಬೇಕಿತ್ತು. ಆಕೆಯ ಹೆಸರು ಗೀಚಿದೆ. ಔರಾದ ರಸ್ತೆಯ ಭಟ್ಟಿಯಲ್ಲಿ ಡೇಗಚಿಗಳನ್ನು ಇಳಿಸಿ, ಮುಚ್ಚಳವನ್ನೂ ತೆರೆಯದೆ ಹೊರಟುಬಂದೆ. ಸಂಜೆಯ ಹೊತ್ತಿಗೆ ಭಟ್ಟಿಯಲ್ಲಿ ಹನ್ನೊಂದು ಜನರಿಗೆ ವಾಂತಿ ಭೇದಿ. ಅವರಲ್ಲಿ ಆರು ಮಕ್ಕಳು, ಒಬ್ಬ ಸಣ್ಣ ಹುಡುಗಿಗೆ ಎಚ್ಚರವೇ ಇರಲಿಲ್ಲ. ದವಾಖಾನೆಗೆ ಸಾಗಿಸಿದ್ದೂ ನನ್ನ ವ್ಯಾನೇ.

ಮೂರನೆಯ ದಿನ ಬಾಯಿಯನ್ನೂ ನನ್ನನ್ನೂ ಕಚೇರಿಗೆ ಕರೆಸಿದರು. ಸುಶೀಲಕುಮಾರರು ಚೀಟಿಯನ್ನು ಮೇಜಿನ ಮೇಲಿಟ್ಟರು. ಬಾಯಿ ಅದನ್ನು ಹತ್ತಿರ ಹಿಡಿದು ನೋಡಿ, "ಇದು ನಂದಲ್ಲರಿ" ಎಂದಳು.

ಅವರು ನನ್ನ ಕಡೆ ತಿರುಗಿದರು. "ಯಾರ್ ಸಹಿ ಇದು?"

ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ಬಾಯೀದೇ ರೀ" ಅಂದೆ.

ಆಕೆ ಬೈಯುತ್ತಾಳೆ ಎಂದು ಕಾದೆ. ಇಷ್ಟು ವರ್ಷ ಉಪ್ಪು ಹೆಚ್ಚಾದರೂ ಬೈದವಳು ಅಂದು ಚೀಟಿಯನ್ನು ಮೇಜಿನ ಮೇಲಿಟ್ಟು ಎದ್ದಳು. ಕಚೇರಿಯ ಮೆಟ್ಟಿಲಿಳಿದ ಮೇಲೆ ಸೆರಗು ಸರಿಪಡಿಸಿಕೊಂಡು ನನ್ನ ಮುಖ ನೋಡಿದಳು.

"ಆ ಸಣ್ಣ ಹುಡುಗಿ ಇನ್ನಾ ಕಣ್ಣು ತೆರದಿಲ್ಲ ರೂಬೆನಾ. ನಡಿ, ದವಾಖಾನಿಗಿ ಹೋಗಿ ಬರೋಣು."

ನಾನು ಹೋಗಲಿಲ್ಲ. ಔರಾದದ ಒಂದು ಮಂಟಪದಿಂದ ಫೋನ್ ಬಂದಿತ್ತು. ಊಟ ಉಳಿದಿದೆ, ಬೇಗ ಬಾ ಎಂದಿದ್ದರು. ಕಚೇರಿಯವರು ಬಾಯಿಯ ಹೆಸರು ತೆಗೆದರಂತೆ, ಸಹಿ ಮಾಡುವ ಅಧಿಕಾರ ಈಗ ನನ್ನದಂತೆ.