ಸಿದ್ದೇಗೌಡರ ಬಲಗೈ

ಸಿದ್ದೇಗೌಡರ ಮೈಯಲ್ಲಿ ಚೊಕ್ಕಟವಾಗಿದ್ದದ್ದು ಬಲ ಅಂಗೈ ಒಂದೇ. ಉಳಿದಂತೆ ಗೌಡರು ಪೂರ್ತಿ ಗ್ರೀಸು. ಕುತ್ತಿಗೆಯ ಗೆರೆಗಳಲ್ಲಿ, ಕಿವಿಯ ಹಿಂದೆ, ಎಡಗೈಯ ಉಗುರುಗಳ ಸಂದಿಯಲ್ಲಿ ಮೂವತ್ತು ವರ್ಷದ ಡೀಸೆಲ್ ಕಪ್ಪು ಕೂತಿತ್ತು. ಬಲ ಅಂಗೈ ಮಾತ್ರ ಆಗ ತಾನೇ ಊಟಕ್ಕೆ ಕೂತವರ ಕೈಯ ಹಾಗೆ ಇರುತ್ತಿತ್ತು. ಸ್ಪ್ಯಾನರು, ಸುತ್ತಿಗೆ, ಜ್ಯಾಕು ಎಲ್ಲ ಎಡಗೈಯ ಪಾಲು. ಬಲಗೈ ಇದ್ದದ್ದು ಮುಟ್ಟಿ ನೋಡುವುದಕ್ಕೆ. ಮುಟ್ಟುವ ಮುಂಚೆ ಸೋಪು ಹಾಕಿ ತೊಳೆದು, ಮೊಳೆಗೆ ನೇತುಹಾಕಿದ್ದ ಬಿಳಿ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದರು. ಅವರು ಮೊದಲು ಕಳೆದುಕೊಂಡದ್ದು ಆ ಕೈಯನ್ನೇ. ಆ ವಿಷಯದಲ್ಲಿ ನನ್ನದೂ ಒಂದು ಸುಳ್ಳಿದೆ. ಅದನ್ನು ಹೇಳದೆ ಗೌಡರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ.

ನನ್ನ ಕೆಲಸ ಯಾದವಗಿರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಬೆಳಿಗ್ಗೆ ಎದ್ದು ಮನೆಮನೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಕಾಯುತ್ತಾ ಕೂತ ಹಿರಿಯರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವುದು ನನ್ನ ಮೊದಲ ಡ್ಯೂಟಿ. ಅದಕ್ಕೆಂದೇ ಒಂದು ಹಳೇ ಡೀಸೆಲ್ ಕಾರು ತೆಗೆದುಕೊಂಡಿದ್ದೆ. ವಿಜಯನಗರದ ನಮ್ಮ ಮನೆಯಿಂದ ಹೊರಟರೆ ಯಾದವಗಿರಿ ತಲುಪಿದರೂ ಅದರ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತಿರಲಿಲ್ಲ. ಹೊಗೆ ಉಗುಳುತ್ತಿತ್ತು, ಡೀಸೆಲ್ ಕುಡಿಯುತ್ತಿತ್ತು. ಎರಡು ಗ್ಯಾರೇಜಿನವರು "ಡೀಸೆಲ್ ಗಾಡಿ ಅಂದ್ರೆ ಹಂಗೇ ಮೇಡಂ" ಎಂದು ಕೈ ತೊಳೆದುಕೊಂಡಿದ್ದರು. ಮೂರನೆಯವರಾಗಿ ಹೂಟಗಳ್ಳಿಯ ಸಿದ್ದೇಗೌಡರು ಸಿಕ್ಕರು.

ಅವರ ಶೆಡ್ಡು ನಿಂತಿದ್ದದ್ದು ಒಂದು ಕಾಲಕ್ಕೆ ಅವರ ಮನೆಯ ಕಣವಾಗಿದ್ದ ಜಾಗದಲ್ಲಿ. ರಾಗಿ ತುಳಿಸುತ್ತಿದ್ದ ಕಡೆ ಈಗ ಕಾರುಗಳು ಬಾಯಿ ತೆರೆದು ನಿಂತಿರುತ್ತಿದ್ದವು. ಸುತ್ತ ಫ್ಯಾಕ್ಟರಿಗಳ ಗೋಡೆ. ನಾನು ದೂರು ಹೇಳುತ್ತಿದ್ದಂತೆ ಗೌಡರು ಕೈ ಅಡ್ಡ ಹಿಡಿದರು.

"ಈಗ ನೋಡಕ್ಕಾಗಕ್ಕಿಲ್ಲ ಕಣಮ್ಮ. ಓಡಿಸ್ಕೊಂಡ್ ಬಂದಿದ್ದೀರಿ, ಎಲ್ಲಾ ಬೆರಕೆ ಆಗೋಗದೆ. ಸಂಜೆ ತಂದು ಇಲ್ಲೇ ಬುಟ್ಟೋಗಿ. ನಂಗೆ ತಂಗಳು ಎಂಜಿನ್ ಬೇಕು."

ನನಗೆ ನಗು ಬಂತು. "ನಾವೂ ಹಾಗೇ ಗೌಡ್ರೇ. ಬೆಳಿಗ್ಗೆ ಏನೂ ತಿನ್ನದೇ ಇರೋವ್ರ ರಕ್ತಾನೇ ನಮಗೆ ಬೇಕು" ಎಂದೆ. ಅವತ್ತಿನಿಂದ ನಾನು ಅವರಿಗೆ ಸೂಜಿ ಮೇಡಂ.

ಮಾರನೆಯ ಬೆಳಿಗ್ಗೆ ನನ್ನನ್ನು ಸೀಟಿನಲ್ಲಿ ಕೂರಿಸಿ, ಮುಳ್ಳು ನೋಡುತ್ತಾ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಹಿಡಿಯಲು ಹೇಳಿದರು. ತಾವು ಬಾನೆಟ್ಟಿನ ಕೆಳಗೆ ಬಗ್ಗಿ, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪಿನ ಮೇಲೆ ಬಲಗೈ ಇಟ್ಟು ಕಣ್ಣು ಮುಚ್ಚಿದರು. ಗಡಿಯಾರ ನೋಡುತ್ತಿರಲಿಲ್ಲ. ಹುಡುಗರಾಗಿದ್ದಾಗ ಹುಣಸೂರು ರೂಟಿನ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರಂತೆ. ಬಸ್ಸು ಹೂಟಗಳ್ಳಿಯಿಂದ ಇಲವಾಲಕ್ಕೆ ಎಷ್ಟು ಹೊತ್ತು, ಅಲ್ಲಿಂದ ಬಿಳಿಕೆರೆಗೆ ಎಷ್ಟು ಹೊತ್ತು ಎಂಬುದು ಅವರ ಮೈಯೊಳಗೇ ಕೂತಿತ್ತು. ಕಣ್ಣು ಮುಚ್ಚಿಯೇ ತಿರುವು, ಹಂಪು, ಬಸ್‌ಸ್ಟಾಪು ಎಲ್ಲ ದಾಟಿ, ಸರಿಯಾದ ಹೊತ್ತಿಗೆ "ಇಲವಾಲ" ಎಂದು ಕೂಗುತ್ತಿದ್ದರು. ಒಳ್ಳೆಯ ಎಂಜಿನ್ನಾದರೆ ಇಲವಾಲದ ತನಕ ಆ ಪೈಪು ತಣ್ಣಗಿರಬೇಕು, ಬಿಳಿಕೆರೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಕೈ ಸುಡಬೇಕು. ಇದು ಅವರ ಕಾನೂನು.

ನನ್ನ ಕಾರಿನ ಪೈಪು ಊರ ಬಾಗಿಲು ದಾಟುವುದರೊಳಗೆ ಬೆಚ್ಚಗಾಗಿತ್ತು. ಗೌಡರು ಬಿಚ್ಚಿ ನೋಡಿದವರೇ ಕೆಂಡವಾದರು.

"ಯಾವೋನ್ರೀ ಇದನ್ನ ಮುಟ್ಟಿದ್ದು? ಬಾಗ್ಲೇ ಕಿತ್ತಾಕ್ಬುಟ್ಟವ್ನಲ್ಲ!"

ಎಂಜಿನ್ ಬಾಯಲ್ಲಿ ಥರ್ಮೋಸ್ಟಾಟ್ ಎಂಬ ಒಂದು ಬಿಲ್ಲೆ ಇರಬೇಕು. ನಮ್ಮದು ಬಿಸಿಲಿನ ಊರು, ಇದೆಲ್ಲ ಯಾಕೆ ಎಂದು ಹಿಂದಿನ ಯಾವನೋ ಮೆಕ್ಯಾನಿಕ್ಕು ಅದನ್ನು ಕಿತ್ತೆಸೆದಿದ್ದ. ನನಗೆ ಅರ್ಥವಾಗಲಿಲ್ಲವೆಂದು ಗೌಡರು ಬಿಡಿಸಿ ಹೇಳಿದರು. "ಒಲೆ ಹಚ್ಚಿ ಬಾಗ್ಲು ತಕ್ಕೊಂಡ್ ಕೂತ್ರೆ ಮನೆ ಬೆಚ್ಚಗಾಯ್ತದಾ? ನೀರು ಕಾಯೋಗಂಟ ಇದು ಮುಚ್ಕಂಡಿರ್ಬೇಕು. ಕಾದ್ಮೇಲೆ ತಕ್ಕೋಬೇಕು. ಅಷ್ಟೇಯ." ಹೊಸ ಬಿಲ್ಲೆ ತಂದು ನೇರ ಹಾಕುವವರಲ್ಲ. ಶೆಡ್ಡಿನ ಹಿಂದೆಯೇ ಮನೆ. ಹೆಂಡತಿ ಜಯಮ್ಮನವರ ಟೀ ಪಾತ್ರೆಯಲ್ಲಿ ನೀರು ಕಾಯಿಸಿ, ಬಿಲ್ಲೆಯನ್ನು ದಾರದಲ್ಲಿ ಇಳಿಬಿಟ್ಟು, ಅದು ಬಾಯಿ ತೆರೆಯುವುದನ್ನು ನನಗೂ ತೋರಿಸಿದರು. "ನಾಳಿಂದ ಆ ಪಾತ್ರೆಲೇ ಟೀ ಕುಡೀರಿ" ಎಂದು ಜಯಮ್ಮ ಬೈದುಕೊಂಡರು. ಮಾರನೆಯ ದಿನದಿಂದ ನನ್ನ ಮುಳ್ಳು ನೆಟ್ಟಗೆ ನಿಂತಿತು.

ಆಮೇಲೆ ಆರೇಳು ವರ್ಷ ನನ್ನ ಕಾರನ್ನು ಬೇರೆ ಯಾರೂ ಮುಟ್ಟಲಿಲ್ಲ. ಗೌಡರಿಗೆ ಹೊಗಳಿಕೆ ಬಲು ಇಷ್ಟ. ಯಾರಾದರೂ ಕಂಪ್ಯೂಟರಿಗೆ ಹಾಕಿ ನೋಡಿಸಿಕೊಂಡು ಬಂದೆ ಎಂದರೆ ಬಲಗೈ ಎತ್ತಿ ತೋರಿಸಿ, "ಅದಕ್ಕೆ ಕರೆಂಟು ಬೇಕು, ಇದಕ್ಕೆ ಬ್ಯಾಡ. ಈ ಕೈ ಸುಳ್ಳು ಏಳಕ್ಕಿಲ್ಲ" ಎನ್ನುತ್ತಿದ್ದರು. ಸ್ವಲ್ಪ ಜಂಬ. ಆದರೆ ಜಂಬ ಕೊಚ್ಚಿಕೊಳ್ಳುವ ಹಕ್ಕು ಅವರಿಗಿತ್ತು.

ಈಗ ಹಿಂದಿರುಗಿ ನೋಡಿದರೆ ಎಲ್ಲ ಕಣ್ಣೆದುರಿಗೇ ಇತ್ತು. ಜಯಮ್ಮ ಒಲೆಯಿಂದ ಇಳಿಸಿ ತಂದ ಸ್ಟೀಲ್ ಲೋಟವನ್ನು ಗೌಡರು ಹಾಗೇ ಅಂಗೈಯಲ್ಲಿ ಹಿಡಿದುಕೊಂಡು ಮಾತಾಡುತ್ತಿದ್ದರು. ನನಗೆ ಸೆರಗು ಸುತ್ತಿಕೊಂಡರೂ ಹಿಡಿಯಲಾಗದ ಲೋಟ ಅದು. "ಮೆಕ್ಯಾನಿಕ್ ಕೈ ಅಂದ್ರೆ ಹಂಗಿರ್ಬೇಕು" ಎಂದು ಗಿರಾಕಿಗಳು ಮೆಚ್ಚುತ್ತಿದ್ದರು. ನಾನೂ ಮೆಚ್ಚಿದೆ. ಒಂದು ದಿನ ಗೌಡರು ಶೆಡ್ಡಿನ ಒಳಗಿನಿಂದ ಗೇಟಿನ ತನಕ ಬಂದು ನನ್ನ ಹತ್ತಿರ ನಿಂತರು. ಎಡಗಾಲಿನ ಚಪ್ಪಲಿ ಹಿಂದೆ ಅರ್ಧ ದಾರಿಯಲ್ಲೇ ಬಿದ್ದಿತ್ತು. ಕಾಲಿನಿಂದ ಜಾರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಎಲ್ಲರೂ ನಕ್ಕರು, ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಚಪ್ಪಲಿ ಜಾರಿದ್ದು ತಿಳಿಯದ ಕಾಲುಗಳನ್ನು ನಾನು ಲ್ಯಾಬಿನ ಬೆಂಚಿನ ಮೇಲೆ ಎಷ್ಟು ನೋಡಿದ್ದೇನೆ. ಸಕ್ಕರೆ ಕಾಯಿಲೆ ಮೊದಲು ನರಗಳನ್ನು ಸದ್ದಿಲ್ಲದೆ ತಿನ್ನುತ್ತದೆ.

"ಗೌಡ್ರೇ, ಸೋಮವಾರ ಖಾಲಿ ಹೊಟ್ಟೇಲಿ ಬನ್ನಿ. ಒಂದು ಸಲ ಶುಗರ್ ನೋಡೋಣ" ಎಂದೆ.

"ನಮ್ ರಕ್ತದಲ್ಲಿ ಡೀಸೆಲ್ ಬೆರ್ತೋಗದೆ ಸೂಜಿ ಮೇಡಂ. ನಿಮ್ ಮಿಸೀನ್ ಕೆಟ್ಟೋಯ್ತದೆ."

ಹೇಳಿದ್ದೆ, ಅವರು ಬರಲಿಲ್ಲ ಎಂದು ನನ್ನ ಮನಸ್ಸಿಗೆ ನಾನು ಸಮಾಧಾನ ಹೇಳಿಕೊಂಡೆ. ನನ್ನ ಬ್ಯಾಗು, ಅದರೊಳಗೆ ಬೆರಳು ಚುಚ್ಚಿ ಒಂದು ನಿಮಿಷದಲ್ಲಿ ಶುಗರ್ ನೋಡುವ ಪುಟ್ಟ ಯಂತ್ರ, ಯಾವಾಗಲೂ ಕಾರಿನ ಹಿಂದಿನ ಸೀಟಿನಲ್ಲೇ ಇರುತ್ತಿತ್ತು.

ಹೋದ ಧನುರ್ಮಾಸದ ಚಳಿಯಲ್ಲಿ ಮುಳ್ಳು ಮತ್ತೆ ಏಳದಾಯಿತು. ಹಿಂದಿನ ಸಂಜೆಯೇ ಕಾರು ಬಿಟ್ಟು, ಬೆಳಿಗ್ಗೆ ಹೋದೆ. ಗೌಡರು ಕೈ ತೊಳೆದು ಪೈಪು ಹಿಡಿದರು. ಇಲವಾಲ ದಾಟಿತು. "ಮಂಜುಗಡ್ಡೆ ಅಂಗದೆ. ಬಾಗ್ಲು ಸರ್ಯಾಗೇ ಅದೆ. ಮುಳ್ಳಿಗೆ ಸುದ್ದಿ ಕೊಡೋ ಸೆನ್ಸರ್ ಕೆಟ್ಟೋಗದೆ" ಎಂದು ತೀರ್ಪು ಕೊಟ್ಟು ಸೆನ್ಸರ್ ಬದಲಾಯಿಸಿದರು. ಏನೂ ಪ್ರಯೋಜನವಾಗಲಿಲ್ಲ. ಗೌಡರ ಹತ್ತಿರ ಒಂದೇ ಕಾಯಿಲೆಗೆ ನಾನು ಎರಡನೇ ಸಲ ಬಂದದ್ದು ಅದೇ ಮೊದಲು.

ಎರಡನೇ ಸಲವೂ ಹಿಂದಿನ ಸಂಜೆಯೇ ಕಾರು ಬಿಟ್ಟಿದ್ದೆ. ಬೆಳಿಗ್ಗೆ ಹೋದಾಗ ಶೆಡ್ಡಿನಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಗೌಡರ ಮುಖ ಬಿಗಿದುಕೊಂಡಿತ್ತು. ಪೈಪು ಹಿಡಿದರು, ಬಿಟ್ಟರು, ಕೈಯನ್ನು ಬಿಳಿ ಬಟ್ಟೆಯಲ್ಲಿ ಮತ್ತೆ ಒರೆಸಿಕೊಂಡು ಹಿಡಿದರು. ಇಲವಾಲ ಎಂದು ಕೂಗುವ ಮೊದಲೇ ನನ್ನನ್ನು ಸೀಟಿನಿಂದ ಇಳಿಸಿ ಕರೆದರು.

"ನೀವೇ ಮುಟ್ಟಿ ನೋಡಿ. ತಣ್ಣಗದೆ ಅಲ್ವಾ?"

ಮುಟ್ಟಿದೆ. ಪೈಪು ಬೆಚ್ಚಗಿತ್ತು. ಎಳೆಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು. ಅದರಲ್ಲಿ ಅನುಮಾನವೇ ಇರಲಿಲ್ಲ. ಪಕ್ಕದಲ್ಲೇ ಇದ್ದ ಅವರ ಅಂಗೈ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಒಂದು ಬೊಬ್ಬೆ ಒಡೆದು ಹಸಿಯಾಗಿತ್ತು. ಇದು ಯಾವಾಗ ಆಯಿತು ಎಂದು ಕೇಳಿದರೆ ಅವರೂ ಆಗಲೇ ನೋಡುವವರಂತೆ ನೋಡಿಕೊಂಡರು. "ಯಾವಾಗಾಯ್ತೋ ಕಣಮ್ಮ. ಬುಡಿ ಅದನ್ನ. ಪೈಪ್ ಎಂಗದೆ ಏಳಿ."

ಗಿರಾಕಿಗಳಿಬ್ಬರೂ ನನ್ನನ್ನೇ ನೋಡುತ್ತಿದ್ದರು. ಆರೇಳು ವರ್ಷ ನಾನು ಕೇಳಿದ ಪ್ರತಿ ದಡ್ಡ ಪ್ರಶ್ನೆಗೂ ಉತ್ತರ ಕೊಟ್ಟ ಮನುಷ್ಯ. ಅವರ ಶೆಡ್ಡಿನಲ್ಲಿ, ಅವರ ಜನರೆದುರಿಗೆ, ನಿಮ್ಮ ಕೈ ಸುಳ್ಳು ಹೇಳುತ್ತಿದೆ ಎಂದು ಹೇಗೆ ಹೇಳುವುದು? ಮರ್ಯಾದೆ ಎಂದುಕೊಂಡೆ. ಈಗ ಅದನ್ನು ಹೇಡಿತನ ಎನ್ನುತ್ತೇನೆ.

"ಹೂಂ ಗೌಡ್ರೇ, ತಣ್ಣಗಿದೆ" ಎಂದೆ.

ಅವರ ಮುಖ ಅರಳಿತು. "ನಾನ್ ಏಳಿಲ್ವಾ!" ಎಂದು ಗಿರಾಕಿಗಳ ಕಡೆ ತಿರುಗಿದರು. ದೋಷ ವೈರಿಂಗಿನಲ್ಲಿದೆ, ಸಂಕ್ರಾಂತಿ ಕಳೆಯಲಿ, ಪೂರ್ತಿ ಬಿಚ್ಚಿ ನೋಡೋಣ ಎಂದು ನನ್ನನ್ನು ಕಳಿಸಿದರು. ಹೊರಡುವಾಗ, ಬೊಬ್ಬೆಗೆ ಡಾಕ್ಟರಿಗೆ ತೋರಿಸಿ ಎಂದೆ. ಅರಿಶಿನ ಹಾಕ್ತೀನಿ ಎಂದರು. ಹಿಂದಿನ ಸೀಟಿನಲ್ಲಿ ಬ್ಯಾಗಿತ್ತು. ಡ್ಯೂಟಿಗೆ ತಡವಾಗಿತ್ತು. ಹೊರಟುಬಿಟ್ಟೆ.

ಸಂಕ್ರಾಂತಿ ಕಳೆದು ಹೋದಾಗ ಶೆಡ್ಡಿನ ಬಾಗಿಲು ಎಳೆದಿತ್ತು. ಹಿಂದಿನ ಮನೆಯಿಂದ ಜಯಮ್ಮ ಬಂದು ಆದದ್ದನ್ನು ಹೇಳಿದರು. ಓಡುತ್ತಿದ್ದ ಒಂದು ಎಂಜಿನ್ನಿನ ಮೇಲೆ ಬಗ್ಗಿದ್ದಾಗ ಗೌಡರ ಬಲಗೈ ಹೊಗೆ ಹೋಗುವ ಕಬ್ಬಿಣದ ಕೊಳವೆಯ ಮೇಲೆ ಊರಿತ್ತಂತೆ. ಊರಿದ್ದು ಅವರಿಗೆ ತಿಳಿಯಲಿಲ್ಲ. ಸುಟ್ಟ ವಾಸನೆ ಬಂತು.

"ಎಲ್ಲೋ ರಬ್ಬರ್ ಸುಡ್ತಾ ಅದೆ ಅಂತ ಗಾಡಿಯೆಲ್ಲಾ ಹುಡುಕ್ತಿದ್ರು ಕಣ್ರೀ. ಟೀ ತಕ್ಕೊಂಡ್ ಓಗಿದ್ದೆ. ನಾನ್ ನೋಡಿ ಕಿರುಚ್ಕೊಂಡೆ. ಆಗಲೇ ಅವರ್ಗೆ ಗೊತ್ತಾಗಿದ್ದು" ಎಂದರು ಜಯಮ್ಮ.

ಆಸ್ಪತ್ರೆಯಲ್ಲಿ ಶುಗರ್ ನೋಡಿದವರು, ಇದು ಹತ್ತು ವರ್ಷದಿಂದ ಇದ್ದಿರಬೇಕು ಎಂದರಂತೆ. ಗಾಯ ಕೀವು ಕಟ್ಟಿತು. ಮೊದಲು ಎರಡು ಬೆರಳು ತೆಗೆದರು. ಹದಿನೈದು ದಿನಕ್ಕೆ ಮಣಿಕಟ್ಟಿನಿಂದ ಕೈಯನ್ನೇ ತೆಗೆದರು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಶಿವರಾತ್ರಿಗೆ ನಾಲ್ಕು ದಿನ ಮುಂಚೆ, ಒಂದು ಸಂಜೆ. ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೈಯಲ್ಲಿ ಸಣ್ಣಗೆ ಜ್ವರವಿತ್ತು, ಕಾಲಿನಲ್ಲೂ ಒಂದು ಪಟ್ಟಿ ಕಂಡಿತು. ಬಟ್ಟೆ ಸುತ್ತಿದ ಮೋಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ನನ್ನನ್ನು ಕಂಡು ಅವರೇ ಮಾತಾಡಿಸಿದರು.

"ಗಾಡಿ ಬಿಸಿ ಆಯ್ತದಾ?"

"ಇಲ್ಲ ಗೌಡ್ರೇ."

ಗೌಡರು ಮೋಟು ಕೈಯ ಬಟ್ಟೆಯನ್ನು ಎಡಗೈಯಿಂದ ಸರಿಮಾಡಿಕೊಂಡರು. "ಅವತ್ತು ಪೈಪ್ ಮುಟ್ಟಿದ್ರಲ್ಲ. ನಿಜ ಏಳಿ ಸೂಜಿ ಮೇಡಂ. ತಣ್ಣಗಿತ್ತಾ?"

ಈ ಸಲ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೆಚ್ಚಗಿತ್ತು" ಎಂದೆ.

"ಇಲವಾಲಕ್ಕೆ ಮುಂಚೇನೇ?"

"ಮುಂಚೇನೇ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಗೌಡರು ತಲೆಯಾಡಿಸಿದರು. "ಅಂಗಾದ್ರೆ ಬಾಗ್ಲು ತೆಗೆದೇ ನಿಂತ್ಬುಟ್ಟದೆ. ಸೆನ್ಸರ್ ಅಲ್ಲ, ವೈರಿಂಗೂ ಅಲ್ಲ. ಬಿಲ್ಲೆ ಬದಲಾಯಿಸ್ಬೇಕು." ಆಮೇಲೆ ನನ್ನನ್ನು ನೋಡದೆ, ಮೆಲ್ಲಗೆ ಹೇಳಿದರು. "ಡಾಕ್ಟ್ರು, ಇವಳು, ನೀವು, ಯಾರು ನಂಗೆ ಕಾಯ್ಲೆ ಅದೆ ಅಂತ ಏಳಿದ್ರೂ ನಾನು ನಂಬ್ತಿರ್ಲಿಲ್ಲ ಕಣಮ್ಮ. ಪೈಪ್ ಬಿಸಿ ಅದೆ ಅಂದಿದ್ರೆ ನಂಬ್ತಿದ್ದೆ. ಮಾರ್ನೆ ಬೆಳಿಗ್ಗೇನೇ ಖಾಲಿ ಹೊಟ್ಟೇಲಿ ಬತ್ತಿದ್ದೆ."

ನಾನು ಅಲ್ಲೇ ಜಗುಲಿಯ ಅಂಚಿಗೆ ಕುಸಿದು ಕೂತು ಅತ್ತೆ. ಅವರು ತಡೆಯಲಿಲ್ಲ. ಎದ್ದು ಹೊರಟಾಗ ಹಳೆಯ ಗತ್ತಿನಲ್ಲೇ ಹೇಳಿದರು. "ಗಾಡಿ ಶೆಡ್ಡಲ್ಲೇ ಬುಟ್ಟೋಗಿ. ಬೆಳಿಗ್ಗೆ ಬನ್ನಿ, ನೀವು ಪೈಪ್ ಹಿಡ್ಕಳಿ, ನಾನು ಊರು ಎಣಿಸ್ತೀನಿ."

ಕಾರು ಬಿಟ್ಟುಹೋದೆ. ಬೆಳಿಗ್ಗೆ ಆಟೋದಲ್ಲಿ ಬಂದರೆ ಮನೆಗೆ ಬೀಗ ಹಾಕಿತ್ತು. ಎದುರುಮನೆಯವರು ಕಾರಿನ ಕೀ ಕೊಟ್ಟರು. ಜ್ವರ ಏರಿ ಮಾತು ನಿಂತುಹೋದದ್ದಕ್ಕೆ ಗೌಡರನ್ನು ಬೆಳಗಾಗುವ ಮುಂಚೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಅಲ್ಲಿಂದ ಅವರು ವಾಪಸು ಬರಲಿಲ್ಲ. ಮೂರನೆಯ ದಿನ ತೀರಿಕೊಂಡರು.

ಆ ಬೆಳಿಗ್ಗೆ ನನಗೆ ಅದು ಗೊತ್ತಿರಲಿಲ್ಲ. ಆದರೂ ಹೊರಟುಬರಲು ಮನಸ್ಸಾಗಲಿಲ್ಲ. ಶೆಡ್ಡಿನ ನಲ್ಲಿಯಲ್ಲಿ ಕೈ ತೊಳೆದು, ಮೊಳೆಗೆ ಇನ್ನೂ ನೇತಾಡುತ್ತಿದ್ದ ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡೆ. ಎಂಜಿನ್ ಚಾಲೂ ಮಾಡಿ, ಪೈಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದೆ. ಆ ದಾರಿಯಲ್ಲಿ ನಾನೂ ಎಷ್ಟೋ ಸಲ ಹೋಗಿದ್ದೇನೆ. ಒಂದೊಂದೇ ತಿರುವು ದಾಟಿದೆ. ಇಲವಾಲ ಇನ್ನೂ ದೂರವಿತ್ತು, ಪೈಪು ಬೆಚ್ಚಗಾಯಿತು.

"ಬೆಚ್ಚಗಿದೆ ಗೌಡ್ರೇ" ಎಂದು ಗಟ್ಟಿಯಾಗಿ ಹೇಳಿದೆ. ಖಾಲಿ ಶೆಡ್ಡಿನಲ್ಲಿ ನನ್ನ ಎಂಜಿನ್ ಒಂದೇ ಓಡುತ್ತಿತ್ತು.