ವಜ್ರವ್ವನಿಗೆ ಉಡಿ ತುಂಬಿದ್ದು

ನಾನೂ ಒಂದು ಮಹಾಕಾದಂಬರಿ ಬರೆದವನು ಎಂದರೆ ಈಗ ನಂಬುವವರು ಕಡಿಮೆ. ಬನಹಟ್ಟಿಯಲ್ಲಿ ಸಂಸ್ಥಾನದ ಶಾಲೆಯ ಮಾಸ್ತರನಾಗಿದ್ದಾಗ, ಮಕ್ಕಳ ಲೆಕ್ಕ ತಿದ್ದಲು ಕೊಟ್ಟ ಕೆಂಪು ಶಾಯಿಯಲ್ಲಿ ಒಂದು ದಪ್ಪ ವಹಿಯ ಮುನ್ನೂರು ಪುಟ ತುಂಬಿಸಿದೆ. ನಾಯಕಿ ಹದಿನೇಳರ ಪೂಜಾರಿಣಿ, ಹೆಸರು ವಜ್ರಪ್ರಭೆ. ಕೈಯೆತ್ತಿದರೆ ಮಳೆ, ಇಳಿಸಿದರೆ ಬಿಸಿಲು. ಏಳು ರಾಜ್ಯಗಳ ಸೇನೆಯನ್ನು ಒಂದೇ ಮಂತ್ರದಿಂದ ಮಲಗಿಸುತ್ತಿದ್ದಳು. ಅವಳಿಗೆ ಇಷ್ಟೆಲ್ಲ ಶಕ್ತಿ ಕೊಟ್ಟ ನಾನು ಮಾತ್ರ ಮೂರನೇ ಇಯತ್ತೆಯ ಗದ್ದಲ ನಿಲ್ಲಿಸಲಾರದವನು.

ಕೇಳುವವರಿಲ್ಲದೆ ಬರೆಯುವುದು ಒಲೆ ಹಚ್ಚಿ ಎಸರಿಡದ ಹಾಗೆ. ಸಂಜೆ ಶಾಲೆ ಬಿಟ್ಟ ಮೇಲೆ ನೆರೆಮನೆಯ ನೇಕಾರರ ಗಂಗವ್ವನ ಪಡಸಾಲೆಯಲ್ಲಿ ಓದತೊಡಗಿದೆ. ಐದಾರು ಹೆಂಗಸರು ರಾಟಿಯಲ್ಲಿ ನೂಲು ಸುತ್ತುತ್ತ ಕೇಳುತ್ತಿದ್ದರು. ಎರಡನೇ ದಿನಕ್ಕೇ ನನ್ನ ವಜ್ರಪ್ರಭೆ ವಜ್ರವ್ವ ಆದಳು. ಮೂರನೇ ದಿನ ವಹಿಗೆ ಕುಂಕುಮ ಬಿತ್ತು. ನಮ್ಮ ಕಡೆ ಪುರಾಣ ಓದಲು ಹಚ್ಚಿದರೆ ಹೀಗೆಯೇ. ಮದುವೆಯ ಅಧ್ಯಾಯಕ್ಕೆ ಅಕ್ಕಿಕಾಳು ತರುತ್ತಾರೆ, ಹುಟ್ಟಿನ ಅಧ್ಯಾಯಕ್ಕೆ ತೊಟ್ಟಿಲು ಕಟ್ಟುತ್ತಾರೆ. ನನ್ನ ಕಟ್ಟುಕಥೆಗೂ ಅದೇ ಮರ್ಯಾದೆ ಸಿಕ್ಕಾಗ ಬೇಡವೆನ್ನಲು ನಾನೇನು ಸನ್ಯಾಸಿಯಲ್ಲ.

ತೊಂದರೆ ಇದ್ದದ್ದು ಕೊನೆಯ ಅಧ್ಯಾಯದಲ್ಲಿ. ಅಲ್ಲಿ ವಜ್ರಪ್ರಭೆ ಉಕ್ಕಿದ ಹೊಳೆಯನ್ನು ಇಳಿಸಲು ಹೋಗಿ ಅದರಲ್ಲೇ ಮುಳುಗಿ ಸಾಯುತ್ತಾಳೆ. ಕಥೆ ಮಂಗಳದಲ್ಲೇ ಮುಗಿಯಬೇಕು ಎಂದು ನಮ್ಮ ಹಳೆಯ ಪಂಡಿತರು ಹೇಳಿದ್ದರು. ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ್ದ ನನಗೆ ಅದು ಅಂಜುಬುರುಕರ ಮಾತೆನಿಸಿತ್ತು. ನಾಯಕಿಯನ್ನು ಕೊಲ್ಲದವನು ಎಂಥ ಸಾಹಿತಿ?

ವಜ್ರಪ್ರಭೆಯನ್ನು ಹೊಳೆಯ ದಡಕ್ಕೆ ತಂದು ನಿಲ್ಲಿಸಿದ ಮರುದಿನ ಹೋದರೆ, ಗಂಗವ್ವ ನಾನು ವಹಿ ಇಡುವ ಮಣೆಯ ಮೇಲೆ ಕುಪ್ಪಸದ ಖಣ, ಅಕ್ಕಿ, ಅರಿಷಿಣಕೊಂಬು, ತೆಂಗಿನಕಾಯಿ ಇಟ್ಟು ವಜ್ರವ್ವನಿಗೆ ಉಡಿ ತುಂಬುತ್ತಿದ್ದಳು. ಮನೆಮಗಳನ್ನು ದಾರಿಗೆ ಕಳಿಸುವಾಗ ತುಂಬುವ ಉಡಿ. ಕಂಬಕ್ಕೊರಗಿ ಗಂಗವ್ವನ ಮಗಳು ಶಾಂತವ್ವ ಕೂತಿದ್ದಳು. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಈಗ ಏಳು ತಿಂಗಳು.

“ವಜ್ರವ್ವ ಸುಖಾಗಿ ಹೊಳಿ ದಾಟಿದ್ರ ನಮ್ಮ ಶಾಂತಾನೂ ದಾಟ್ತಾಳ ಅಂತ ಬೇಡ್ಕೊಂಡೇನ್ರಿ ಮಾಸ್ತರ,” ಎಂದಳು ಗಂಗವ್ವ. “ಇನ್ನ ಓದ್ರಿ.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ಶಾಂತವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಪುಟದ ಮೇಲೆ ಕಣ್ಣಿಟ್ಟು ಅಲ್ಲಿಲ್ಲದ್ದನ್ನು ಓದಿದೆ: ಹೊಳೆ ಇಳಿಯಿತು, ವಜ್ರಪ್ರಭೆ ಆಚೆ ದಡ ಹತ್ತಿದಳು. ಅಷ್ಟಕ್ಕೇ ನನ್ನ ಕಲ್ಪನೆ ಬತ್ತಿತು. ಏಳು ರಾಜ್ಯ ಗೆದ್ದವಳನ್ನು ದಡದ ಮೇಲೆ ಏನು ಮಾಡಿಸಬೇಕೋ ತಿಳಿಯಲಿಲ್ಲ.

“ಮೊದಲ ಆಕಿಗೆ ಉಣ್ಣಾಕ ಕೊಡ್ರಿ,” ಎಂದಳು ಶಾಂತವ್ವ. “ಹತ್ತ ದಿನದಿಂದ ಕೇಳಾಕತ್ತೇನಿ, ಒಂದ ತುತ್ತೂ ಉಂಡಿಲ್ಲ.”

ಮಾತು ಖರೆ. ಸಿಡಿಲು ಕೊಟ್ಟಿದ್ದೆ, ಏಳು ಹೆಡೆಯ ಹಾವು ಕೊಟ್ಟಿದ್ದೆ, ರೊಟ್ಟಿ ಕೊಟ್ಟಿರಲಿಲ್ಲ. ದಡದ ಮುದುಕಿಯೊಬ್ಬಳ ಮನೆಯಲ್ಲಿ ಕೂರಿಸಿ ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಉಣ್ಣಿಸಿದೆ. ಶಾಂತವ್ವ ನಕ್ಕಳು. ಹೆಂಗಸರು ಆರತಿ ಎತ್ತಿದರು.

ಎರಡು ತಿಂಗಳಿಗೆ ಶಾಂತವ್ವ ಹೆತ್ತಳು. ತಾಯಿ, ಮಗು ಇಬ್ಬರೂ ಕ್ಷೇಮ. ಅದು ಸೂಲಗಿತ್ತಿಯ ಕೈಗುಣ, ನನ್ನದೇನಿಲ್ಲ. ಗಂಗವ್ವ ಸಕ್ಕರೆ ಹಂಚುತ್ತ ನಮ್ಮ ಮನೆಗೂ ಬಂದಳು.

“ನನಗ ಓದಾಕ ಬರಂಗಿಲ್ರಿ ಮಾಸ್ತರ,” ಎಂದಳು. “ಆದ್ರ ಹಾಳಿ ತಿರುವೋದು ಕಾಣತೈತಿ. ಆವತ್ತ ನೀವು ಒಂದ ಹಾಳಿನೂ ತಿರುವಲಿಲ್ಲ. ಛಲೋ ಮಾಡಿದ್ರಿ.”

ಮುಂದೆ ಧಾರವಾಡದ ಮುದ್ರಕರೊಬ್ಬರು ವಹಿಯನ್ನು ಬಿಚ್ಚದೆಯೇ ಹಿಂದಿರುಗಿಸಿದರು. ಬೇಸರವೇನೂ ಆಗಲಿಲ್ಲ. ಬರೆಯದ ಒಂದು ಪುಟಕ್ಕೆ ನಾನು ಆಗಲೇ ಸಕ್ಕರೆ ತಿಂದಿದ್ದೆ.