ಪುಕ್ಕಟೆ ಆಟದ ಬಂಗಾರದ ಕತ್ತಿ

ನಾವು ಕೋಟೆ ಕಳೆದುಕೊಂಡದ್ದು ಬಂಗಾರದ ಕತ್ತಿಯಿಂದಲೋ, ಕರೆಂಟ್ ಹೋದದ್ದರಿಂದಲೋ? ನಡೆದು ಮೂರು ವಾರವಾಗಿದೆ, ಆಗಲೇ ನನಗೆ ಖಾತ್ರಿಯಿಲ್ಲ. ಕತ್ತಿಯಿಂದ ಎನ್ನುತ್ತದೆ ನನ್ನ ನೆನಪು. (ಎಲ್ಲವನ್ನೂ ಅನುಮಾನಿಸಿ ಎಂದು ಯುನಿವರ್ಸಿಟಿಯಲ್ಲಿ ಕಲಿಸಿದರು. ಸ್ವಂತ ನೆನಪಿಗೆ ರಿಯಾಯಿತಿ ಕೊಡಿ ಎಂದು ಯಾರೂ ಹೇಳಲಿಲ್ಲ.)

ಗಾಬರಿಯಾಗಬೇಡಿ. ಕೋಟೆ ಇದ್ದದ್ದು ಕಂಪ್ಯೂಟರಿನಲ್ಲಿ.

ಘಟಪ್ರಭಾ ಸ್ಟೇಷನ್ ಹತ್ತಿರ ಭರತೇಶನ ಸೈಬರ್ ಕೆಫೆ. ಅಲ್ಲಿ ಕೂತು ಎಲ್ಲೆಲ್ಲಿಯವರ ಜೊತೆಗೋ ಆಡುವ ಯುದ್ಧದ ಆಟ. ಆಟ ಪೂರ್ತಿ ಫ್ರೀ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಾವು ಏಳು ಮಂದಿ ತಿಂಗಳುಗಟ್ಟಲೆ ಹೆಣಗಿ ಒಂದು ಕೋಟೆ ಗೆದ್ದಿದ್ದೆವು. ಅದರ ಬಾಗಿಲ ಮೇಲೆ ಗೋಕಾಕದ ಹೆಸರು! ನಲವತ್ತು ದಾಟಿದ ನಾನೂ ಎದೆಯುಬ್ಬಿಸಿಕೊಂಡು ಓಡಾಡಿದೆ. ಆ ಭಾನುವಾರದ ಕಾಳಗದಲ್ಲಿ ಸೋತರೆ ಹೆಸರು ಅಳಿಸಿಹೋಗುತ್ತಿತ್ತು.

ನಮ್ಮ ನಾಯಕ ಹುಕ್ಕೇರಿಯ ಟೇಲರ್ ಶಬ್ಬೀರ. ಹಿಂದೆ ಕುಸ್ತಿ ಆಡಿದವನು. ಅಖಾಡದ ನೇಮವನ್ನೇ ಕಂಪ್ಯೂಟರಿಗೂ ತಂದಿದ್ದ. ಕುಸ್ತಿಯಲ್ಲಿ ಕೈ ಕೂಡಿಸದೆ ಪಟ್ಟು ಹಾಕುವುದುಂಟೇ? ಹಾಗೆಯೇ ಇಲ್ಲಿ ಮೊದಲು ಕತ್ತಿ ಒರೆಗೆ ಸೇರಿಸಿ ಎದುರಾಳಿಗೆ ಸಲಾಂ ಮಾಡಬೇಕು. ಆಟದಲ್ಲಿ ಅದಕ್ಕೊಂದು ಗುಂಡಿಯಿತ್ತು. ಅದನ್ನು ಒತ್ತುತ್ತಿದ್ದವರು ಬಹುಶಃ ನಾವಷ್ಟೇ.

ಭಾನುವಾರ ಏಳೂ ಮಂದಿ ಸಾಲಾಗಿ ನಿಂತು ಸಲಾಂ ಮಾಡಿದೆವು. ಎದುರಿನ ಪಡೆಯಿಂದ ಒಬ್ಬ ಥಳಥಳ ಹೊಳೆಯುವ ಕತ್ತಿ ಹಿಡಿದು ಬಂದ. ಸಲಾಂ ಮುಗಿಯುವುದರೊಳಗೆ ನಮ್ಮಲ್ಲಿ ಇಬ್ಬರ ತಲೆಗಳು ಉರುಳಿದವು.

"ಶಬ್ಬೀರಭಾಯ್, ಸಲಾಂ ಸಾಕ ಮಾಡಪಾ! ಅವ ಕೈ ಕುಲಕಾಕ ಬಂದಿಲ್ಲ, ಕುತ್ತಿಗಿ ಕೊಯ್ಯಾಕ ಬಂದಾನ!" ಎಂದು ಭರತೇಶ ಗಲ್ಲಾದಿಂದಲೇ ಕೂಗಿದ.

ಆ ಎದುರಾಳಿ ನಿನ್ನೆ ಮೊನ್ನೆ ಆಟಕ್ಕೆ ಸೇರಿದವನು. ಆದರೆ ಬಂಗಾರದ ಕತ್ತಿಯನ್ನು ದುಡ್ಡು ಕೊಟ್ಟು ತಂದಿದ್ದ. ಆಟದೊಳಗೆ ಆ ಕತ್ತಿ ಕೊಡಿಸುವ ರೀಚಾರ್ಜ್ ಕಾರ್ಡ್ ಭರತೇಶನ ಬಳಿಯೂ ಮಾರಾಟಕ್ಕಿತ್ತು.

"ಸರ, ನೀವರ ಹೇಳ್ರಿ. ಒಂದ ಕಾರ್ಡ್ ತಗೊಂಡ್ರ ಕಿಲ್ಲಾ ಉಳೀತೈತಿ," ಎಂದ ಭರತೇಶ ನನ್ನತ್ತ ತಿರುಗಿ.

ನನ್ನ ಕೈ ಜೇಬಿಗೆ ಹೋಯಿತು. (ಹೋಯಿತೆಂದೇ ನೆನಪು.)

ಶಬ್ಬೀರ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಕಿಸೇದಾಗಿಂದ ಕೈ ತಗೀರಿ ಸರ. ಗೆದ್ದ ಮ್ಯಾಲ ಹಾರ ಯಾರಿಗೆ ಹಾಕೂದು? ನಿಮ್ಮ ಪಾಕೀಟಿಗೇನ್ರಿ?"

"ಪುಕ್ಕಟ ಆಡಾಕ ಬಿಟ್ಟಾರ. ಕಂಪನಿಯವರೂ ಉಣಬೇಕಲ್ಲೋ ಮಾರಾಯಾ," ಎಂದ ಭರತೇಶ.

"ಉಣ್ಲಿ ಬಿಡು ಭರತೇಶ," ಎಂದೆ. ಕೈ ಹೊರಗೆ ಬಂದಿತ್ತು. "ಆಡಾಕ ಟಿಕೆಟ್ ಇಡ್ಲಿ, ಕೊಡ್ತೇನಿ. ಬಣ್ಣದ ಅಂಗಿ ಮಾರ್ಲಿ, ತಗೋತೇನಿ. ಕುಸ್ತ್ಯಾಗ ಎದುರಿನವನ ಕಾಲು ಕಟ್ಟಾಕ ಹಗ್ಗ ಮಾರಿದ್ರ ಸುಮ್ಮನಿರ್ತೀ ಏನು?"

ಗೋಕಾಕದಲ್ಲಿ ಕರದಂಟಿನ ಅಂಗಡಿಗೆ ಹೋದರೆ ಒಂದು ಚೂರು ಕೈಗಿಡುತ್ತಾರೆ. ಹಿಡಿಸಿದರೆ ಕೊಳ್ಳುತ್ತೀರಿ, ಇಲ್ಲದಿದ್ದರೆ ಬಾಯಿ ಒರೆಸಿಕೊಂಡು ನಡೆಯುತ್ತೀರಿ. ಈ ಆಟದವರು ಪುಕ್ಕಟೆ ಉಣಿಸುವುದು ಸೋಲಿನ ರುಚಿಯನ್ನು. ಅದು ಗಂಟಲಿಗೆ ಬಂದ ಮೇಲೆ ಗೆಲುವಿನ ರೇಟು ಹೇಳುತ್ತಾರೆ.

ಅಷ್ಟಕ್ಕೂ ನಮ್ಮನ್ನು ಫ್ರೀಯಾಗಿ ಒಳಗೆ ಬಿಟ್ಟದ್ದೇಕೆ? ಪ್ರೀತಿಯೇ? ದುಡ್ಡು ಕೊಟ್ಟವನಿಗೆ ಕಡಿಯಲು ಕುತ್ತಿಗೆ ಬೇಕಲ್ಲ! ಆ ಕುತ್ತಿಗೆಗಳೇ ನಾವು.

ಉಳಿದ ಐವರು ಮತ್ತೆ ಸಾಲಾಗಿ ನಿಂತೆವು. ಮತ್ತೆ ಸಲಾಂ ಮಾಡಿದೆವು. ಹೊಳೆಯುವ ಕತ್ತಿ ಮೇಲೆದ್ದಿತು. ಸ್ಕ್ರೀನು ಕಪ್ಪಾಯಿತು.

ಕರೆಂಟ್ ಮರಳಿದಾಗ ಕೋಟೆಯ ಮೇಲೆ ಬೇರೆ ಹೆಸರಿತ್ತು. ಎಲ್ಲರೂ ಸತ್ತ ಮೇಲೆಯೇ ಕರೆಂಟ್ ಹೋಯಿತು ಎನ್ನುತ್ತಾನೆ ಶಬ್ಬೀರ. ಅದಕ್ಕೂ ಮೊದಲೇ ಹೋಯಿತು ಎನ್ನುತ್ತಾನೆ ಭರತೇಶ. ನಾನು ಎದುರಿನ ಪಡೆಯ ಒಬ್ಬನನ್ನು ಕೆಡವಿದೆ ಎಂದರೆ ಇಬ್ಬರೂ ನಗುತ್ತಾರೆ. ನಗಲಿ. ನಾವು ಕಾರ್ಡ್ ಕೊಳ್ಳಲಿಲ್ಲ, ಕೊಳ್ಳುವುದೂ ಇಲ್ಲ. ಮೂರು ವಾರ ಕಳೆಯಿತು, ಬರುವ ವಾರ ಅದೇ ಕಬ್ಬಿಣದ ಕತ್ತಿ ಹಿಡಿದು ಅದೇ ಬಾಗಿಲಿಗೆ ಹೋಗುತ್ತಿದ್ದೇವೆ.

ಹೋಗುವ ಮುನ್ನ ಆಟದ ನಿಯಮಗಳನ್ನು ತೆರೆದು, ಎರಡೆರಡು ಸಲ ಓದಿ, ಒಂದು ಸಂಗತಿಯನ್ನು ಮಾತ್ರ ಖಚಿತಪಡಿಸಿಕೊಂಡಿದ್ದೇನೆ: ಆ ಬಂಗಾರದ ಕತ್ತಿ ಬಾಡಿಗೆಯದು, ತಿಂಗಳು ತುಂಬಿದರೆ ಕೈಯಿಂದ ಮಾಯ.